ಕಥೆಗೆ ನಾಯಕ ಬೇಕಾಗಿದ್ದಾನೆ, ಮಂಡ್ಯದವರು ಕ್ಷಮಿಸಿ

ಮೈಸೂರಿನಲ್ಲಿ ಈಗ ಕಥೆ ಬರೆಯುವವರಿಗಿಂತ ಕಥೆ ಬರೆಯುವುದನ್ನು ಕಲಿಸುವವರು ಜಾಸ್ತಿ. ಭಾನುವಾರ ಬಂತೆಂದರೆ ಎಲ್ಲೋ ಒಂದು ಕಡೆ ಕಮ್ಮಟ ಇದ್ದೇ ಇರುತ್ತದೆ. ಬೆಳಿಗ್ಗೆ ಉಪ್ಪಿಟ್ಟು ಕೇಸರಿಬಾತು, ಸಂಜೆ ಪ್ರಮಾಣಪತ್ರ, ನಡುವೆ ಒಂದು ಉಪದೇಶ. ಉಪದೇಶ ಎಲ್ಲ ಕಡೆ ಒಂದೇ. ಕಥಾನಾಯಕ ಸುಮ್ನೆ ಏಟು ತಿನ್ನುತ್ತಾ ಕೂರಬಾರದು. ಅವನಿಗೊಂದು ಗುರಿ ಇರಬೇಕು. ಎರಡು ದಾರಿ ಎದುರಾದಾಗ ಒಂದನ್ನು ಅವನೇ ಹಿಡಿಯಬೇಕು. ಬಂದದ್ದಕ್ಕೆಲ್ಲ ತಲೆ ಕೊಡುತ್ತಾ ಹೋಗುವವನು ನಾಯಕನೇ ಅಲ್ಲ. ಅಂಥವನನ್ನು ಇಟ್ಟುಕೊಂಡು ಬರೆದರೆ ಓದುಗ ನಾಲ್ಕನೇ ಪುಟಕ್ಕೆ ಮೊಬೈಲ್ ತೆಗೆಯುತ್ತಾನೆ.

ಮಾತು ಸರಿಯಾಗೇ ಇದೆ. ಹೇಳಿದವರು ಮೈಸೂರಿನಿಂದ ಮಂಡ್ಯದ ಬಸ್ಸು ಹತ್ತಿಲ್ಲ, ಅಷ್ಟೇ. ಹತ್ತಿದ್ದರೆ ಇಡೀ ಜಿಲ್ಲೆಯನ್ನೇ ಫೇಲು ಮಾಡಿ ವಾಪಸ್ ಬರುತ್ತಿದ್ದರು.

ಬೇಕಾದರೆ ನೋಡಿ. ಮಂಡ್ಯದ ಒಬ್ಬ ರೈತನನ್ನು ನಾಯಕ ಮಾಡಿಕೊಳ್ಳೋಣ. ಹೆಸರು ಬೇಡ. ಪಹಣಿಯಲ್ಲೂ ಅವನ ಹೆಸರಿಲ್ಲ, ಇನ್ನೂ ತಾತನದೇ ಓಡುತ್ತಿದೆ. ತಾತ ತೀರಿಕೊಂಡು ಎಷ್ಟೋ ಕಾಲವಾಯಿತು. ದಾಖಲೆ ಪ್ರಕಾರ ಇವತ್ತಿಗೂ ಉಳುತ್ತಿದ್ದಾನೆ. ಪೌತಿ ಖಾತೆಗೆ ಎಷ್ಟು ಸಲ ಅರ್ಜಿ ಕೊಟ್ಟರೂ ಜಾಗ ಬಿಟ್ಟು ಕದಲುತ್ತಿಲ್ಲ. ಹಾಗೆ ನೋಡಿದರೆ ಆ ಮನೆಯಲ್ಲಿ ಗಟ್ಟಿ ನಿಲುವು ಇರುವವನು ಸತ್ತವನೊಬ್ಬನೇ.

ಮೊಮ್ಮಗನ ಕಥೆ ಆಷಾಢದಲ್ಲಿ ಶುರುವಾಗುತ್ತದೆ. ಬೇರೆ ಊರಿನವರು ಬೆಳಿಗ್ಗೆ ಎದ್ದು ಕ್ರಿಕೆಟ್ ಸ್ಕೋರ್ ನೋಡಿದರೆ ಇವನು ಕೆಆರ್‌ಎಸ್ ಅಣೆಕಟ್ಟಿನ ನೀರಿನ ಮಟ್ಟ ನೋಡುತ್ತಾನೆ. ಗರಿಷ್ಠ 124.80 ಅಡಿ, ಅದು ಬಾಯಿಪಾಠ. ಇವತ್ತಿನದು ಎಷ್ಟು ಅನ್ನುವುದರ ಮೇಲೆ ಅವನ ಮುಖ. ಆಮೇಲೆ ನೀರಾವರಿ ಸಲಹಾ ಸಮಿತಿಯ ಸಭೆ ಯಾವಾಗ ಅಂತ ಕಾಯುತ್ತಾನೆ. ಸಭೆ ಮುಂದಕ್ಕೆ ಹೋಗುತ್ತದೆ. ಕೊನೆಗೆ ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಅಂತಾಗುತ್ತದೆ. ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ಜೊತೆಗೆ ಒಂದು ಪ್ರಕಟಣೆ: ರೈತರು ಭತ್ತ ಹಾಕಬೇಡಿ, ಅರೆ ನೀರಾವರಿ ಬೆಳೆಯನ್ನು ಆಯ್ಕೆ ಮಾಡಿಕೊಳ್ಳಿ. ನೋಡಿ, ಸರ್ಕಾರದವರೂ ಕಮ್ಮಟಕ್ಕೆ ಹೋಗಿಬಂದಿದ್ದಾರೆ! ಪ್ರಕಟಣೆ ಕೈಗೆ ಸಿಗುವ ಹೊತ್ತಿಗೆ ಭತ್ತದ ಸಸಿಗೆ ಒಟ್ಲು ಬಿಟ್ಟು ಹದಿನೈದು ದಿನವಾಗಿರುತ್ತದೆ, ಆ ಮಾತು ಬೇರೆ.

ಈ ಕಥೆಯಲ್ಲಿ ತಿರುವುಗಳಿಗೇನೂ ಕಮ್ಮಿ ಇಲ್ಲ. 1892ರಲ್ಲಿ ಕಾವೇರಿ ನೀರಿನ ವಿಷಯಕ್ಕೆ ಮೈಸೂರು ಸಂಸ್ಥಾನಕ್ಕೂ ಮದ್ರಾಸಿಗೂ ಒಂದು ಒಪ್ಪಂದ. 1924ರಲ್ಲಿ ಇನ್ನೊಂದು. 1990ರಲ್ಲಿ ನ್ಯಾಯಮಂಡಳಿ ಬಂತು. ಮಾರನೇ ವರ್ಷವೇ ತಮಿಳುನಾಡಿಗೆ 205 ಟಿಎಂಸಿ ಬಿಡಿ ಅಂದಿತು. 2007ರಲ್ಲಿ ಅದು 192 ಆಯಿತು. 2018ರಲ್ಲಿ ಸುಪ್ರೀಂ ಕೋರ್ಟ್ 177.25 ಮಾಡಿತು. ಬಿಟ್ಟ ನೀರನ್ನು ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆಯುತ್ತಾರೆ. ಇಷ್ಟೂ ತಿರುವುಗಳಲ್ಲಿ ಒಂದರಲ್ಲಾದರೂ ನಮ್ಮ ನಾಯಕ ಸ್ಥಳದಲ್ಲಿ ಇರಲಿಲ್ಲ. ಮೊದಲೆರಡರ ಹೊತ್ತಿಗೆ ಹುಟ್ಟಿರಲಿಲ್ಲ, ಮಿಕ್ಕವುಗಳ ಹೊತ್ತಿಗೆ ಗದ್ದೆಯಲ್ಲಿದ್ದ.

2023ರಲ್ಲಿ ಮಳೆ ಕೈ ಕೊಟ್ಟಿತು. ದೆಹಲಿಯಲ್ಲಿ ಒಂದು ಸಮಿತಿ ಶಿಫಾರಸು ಮಾಡಿತು. ಅದರ ಮೇಲಿನ ಪ್ರಾಧಿಕಾರ ಹದಿನೈದು ದಿನ 5000 ಕ್ಯುಸೆಕ್ ಬಿಡಿ ಅಂದಿತು. ಅದರ ಮೇಲಿನ ಸುಪ್ರೀಂ ಕೋರ್ಟ್ ನಾವು ಮಧ್ಯೆ ಬರಲ್ಲ ಅಂದಿತು. ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್, 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಕೊನೆಗೂ ನಾಯಕ ಏನೋ ಮಾಡಿದ ಅಂತ ನಾನು ಖುಷಿಪಟ್ಟೆ. ಕಮ್ಮಟದ ಮೇಷ್ಟ್ರು ಒಪ್ಪಲಿಲ್ಲ. ಬಂದ್ ಕ್ರಿಯೆ ಅಲ್ಲವಂತೆ, ಪ್ರತಿಕ್ರಿಯೆಯಂತೆ. ಟಿವಿಯವರಿಗೆ ಈ ವಿಷಯ ಮೊದಲೇ ಗೊತ್ತಿತ್ತು ಅಂತ ಕಾಣುತ್ತದೆ. ಬಿಸಿಲಲ್ಲಿ ರಸ್ತೆ ಮಧ್ಯೆ ಕೂತವನ ಮೂತಿಗೆ ಮೈಕ್ ಹಿಡಿದು, "ಯಜಮಾನ್ರೇ, ಹೇಗನ್ನಿಸ್ತಾ ಇದೆ?" ಅಂತಲೇ ಕೇಳಿದರು. ಮುಂದೇನು ಮಾಡ್ತೀರಿ ಅಂತ ಯಾರೂ ಕೇಳಲಿಲ್ಲ.

ಸರಿ, ರೈತ ಬಡಪಾಯಿ. ಇವನನ್ನು ಬಿಟ್ಟು ಕೈಯಲ್ಲಿ ಅಧಿಕಾರ ಇರುವ ಯಾರನ್ನಾದರೂ ನಾಯಕ ಮಾಡೋಣ ಅಂತ ಹುಡುಕಿದೆ. ಅಲ್ಲೇ ಕಥೆ ಕೆಟ್ಟದ್ದು.

ಗದ್ದೆಗಳಿಗೆ ಕಾಲುವೆ ನೀರು ಬಿಡುವ ನೀರುಗಂಟಿ ಅನ್ನುತ್ತಾನೆ, ಇಂಜಿನಿಯರ್ ಸಾಹೇಬ್ರು ಹೇಳಿದಂಗೆ ಮಾಡ್ತೀನಿ, ನನ್ನ ಕೈಲೇನಿದೆ. ಇಂಜಿನಿಯರ್ ಅನ್ನುತ್ತಾರೆ, ಮೇಲಿಂದ ಆರ್ಡರ್ ಬಂದರೆ ಗೇಟ್ ಎತ್ತಬೇಕು, ನಮ್ಮ ಕೈಲೇನಿದೆ. ಮಂತ್ರಿಗಳು ಸರ್ವಪಕ್ಷ ಸಭೆ ಮುಗಿಸಿ ಹೊರಗೆ ಬಂದು, ಕಾನೂನು ತಜ್ಞರ ಜೊತೆ ಮಾತಾಡಿದ್ದೇವೆ, ಆದೇಶ ಪಾಲಿಸದೆ ವಿಧಿಯಿಲ್ಲ, ನಮ್ಮ ಕೈಲೇನಿದೆ ಅನ್ನುತ್ತಾರೆ. ವಿರೋಧ ಪಕ್ಷದವರು ಅಯ್ಯೋ, ಕೈಚೆಲ್ಲಿ ಕೂತರಲ್ಲ ಅಂತ ಎದೆ ಬಡಿದುಕೊಳ್ಳುತ್ತಾರೆ. ಚುನಾವಣೆ ಆಗಿ ಕುರ್ಚಿ ಅದಲುಬದಲಾದರೆ ಡೈಲಾಗ್ ಹಾಳೆಗಳನ್ನೂ ಅದಲುಬದಲು ಮಾಡಿಕೊಳ್ಳುತ್ತಾರೆ, ಒಂದಕ್ಷರ ತಿದ್ದುವ ಕೆಲಸವಿಲ್ಲ. ಪ್ರಾಧಿಕಾರದವರು ತೀರ್ಪು ತೋರಿಸುತ್ತಾರೆ. ತೀರ್ಪು ಮಳೆಯನ್ನು ತೋರಿಸುತ್ತದೆ. ಮಳೆಗೆ ಮೈಕ್ ಹಿಡಿದವರು ಇನ್ನೂ ಯಾರೂ ಇಲ್ಲ.

ಇಷ್ಟು ಜನ ಪಾತ್ರಧಾರಿಗಳು, ಇಷ್ಟು ದೊಡ್ಡ ಅಣೆಕಟ್ಟು. ಗೇಟುಗಳು ಎದ್ದವು, ಇಳಿದವು. ಎತ್ತಿದವರು ಮಾತ್ರ ಯಾರೂ ಇಲ್ಲ!

ಆದರೆ ತುಂಬಿದ ವರ್ಷ ಬೇರೆ ಕಥೆ. 2025ರಲ್ಲಿ ಜೂನ್ ಮುಗಿಯುವುದರೊಳಗೇ ಕೆಆರ್‌ಎಸ್ ತುಂಬಿತು. ಆಗ ನೋಡಬೇಕಿತ್ತು. ಬಾಗಿನ ಬಿಡಲು ಬಂದವರಿಂದ ದಂಡೆ ತುಂಬಿಹೋಯಿತು. ನಮ್ಮ ಕಾಲುಗುಣ ಅನ್ನುವ ಮಾತು ಫ್ಲೆಕ್ಸ್‌ಗಳ ಮೇಲೆ ಧಾರಾಳವಾಗಿ ಹರಿಯಿತು. ಬತ್ತಿದಾಗ ಎಲ್ಲರೂ ಏಟು ತಿಂದವರು, ತುಂಬಿದಾಗ ಎಲ್ಲರೂ ಸಾಧಿಸಿದವರು. ಮೋಡದ ಕೆಲಸಕ್ಕೆ ಇಷ್ಟೊಂದು ಜನ ಪಾಲುದಾರರು ಇದ್ದಾರೆ ಅಂತ ಕೊಡಗಿನ ಮೋಡಗಳಿಗೆ ಗೊತ್ತಿರಲಿಕ್ಕಿಲ್ಲ.

ನಮ್ಮ ಸಿನಿಮಾದವರು ಈ ಸತ್ಯ ಎಂದೋ ಕಂಡುಕೊಂಡಿದ್ದಾರೆ. ಹೀರೋ ಅರಳಿಕಟ್ಟೆ ಮೇಲೆ ಹರಟೆ ಹೊಡೆಯುತ್ತಿರುತ್ತಾನೆ. ಬೆಳಿಗ್ಗೆ ಬೇಗ ಎದ್ದು, ಕೋಟು ಹಾಕಿಕೊಂಡು, ಮೇಜಿನ ಮೇಲೆ ನಕ್ಷೆ ಹರಡಿ, ಹತ್ತಾರು ಜನಕ್ಕೆ ಸಂಬಳ ಕೊಟ್ಟು ದುಡಿಯುವವನು ವಿಲನ್. ಗುರಿ ಅವನದು, ಬಜೆಟ್ಟು ಅವನದು. ತಂಗಿಗೆ ಏನಾದರೂ ಆಗುವ ತನಕ ಹೀರೋ ಎದ್ದು ನಿಲ್ಲುವುದಿಲ್ಲ. ಕಮ್ಮಟದ ಲೆಕ್ಕದಲ್ಲಿ ಇಂಟರ್ವಲ್ ತನಕ ವಿಲನ್ನೇ ನಾಯಕ. ಬಹುಶಃ ಅದಕ್ಕೇ ನಮ್ಮ ಕಡೆ ದೊಡ್ಡವರು ಯಾರೂ ನಾನು ಆರಿಸಿದೆ, ನಾನು ಮಾಡಿದೆ ಅಂತ ಒಪ್ಪಿಕೊಳ್ಳುವುದಿಲ್ಲ. ಪ್ಲ್ಯಾನ್ ಇದ್ದವನು ಯಾರು ಅಂತ ಪ್ರೇಕ್ಷಕರಿಗೆ ತಕ್ಷಣ ಗೊತ್ತಾಗಿಬಿಡುತ್ತದಲ್ವಾ?

ನಾಯಕನ ಕಡೆಗೆ ಬರೋಣ. ಭತ್ತ ಹೋದರೆ ಹೋಗಲಿ, ಕಬ್ಬು ಇದೆ. ವರ್ಷ ಪೂರ್ತಿ ಬೆಳೆಸುತ್ತಾನೆ. ಕಡಿಯಲು ಕಾರ್ಖಾನೆಯ ಆರ್ಡರ್ ಬೇಕು. ಆರ್ಡರ್ ಬರುವಷ್ಟರಲ್ಲಿ ಕಬ್ಬು ಹೂ ಬಿಟ್ಟು ತೂಕ ಇಳಿಯುತ್ತದೆ. ಬೆಲೆ ಕೇಂದ್ರದ್ದು: 2025-26ಕ್ಕೆ ಶೇ 10.25 ಇಳುವರಿ ಇದ್ದರೆ ಟನ್ನಿಗೆ 3550 ರೂಪಾಯಿ. ಇಳುವರಿ ಎಂದರೆ ಆ ಕಬ್ಬಿನಿಂದ ಎಷ್ಟು ಸಕ್ಕರೆ ಬಂತು ಅನ್ನುವುದು. ಅಳೆಯುವುದು ಕಾರ್ಖಾನೆ. ತೂಗುವುದೂ ಕಾರ್ಖಾನೆ. ಹದಿನಾಲ್ಕು ದಿನದೊಳಗೆ ದುಡ್ಡು ಕೊಡಬೇಕು ಅಂತ ಕಾನೂನಿದೆ, ಯಾವ ಕ್ಯಾಲೆಂಡರಿನ ಹದಿನಾಲ್ಕು ದಿನ ಅಂತ ಮಾತ್ರ ಬರೆದಿಲ್ಲ. ಮಂಡ್ಯದಲ್ಲಿ 1933ರಿಂದ ಸರ್ಕಾರದ್ದೇ ಸಕ್ಕರೆ ಕಾರ್ಖಾನೆ ಇದೆ. ಅದು ನಿಂತ ವರ್ಷ ಇವನೂ ನಿಂತ, ಓಡಿದ ವರ್ಷ ಇವನೂ ಓಡಿದ. ಆಲೆಮನೆಗೆ ಹಾಕಬಹುದಲ್ಲ, ಅದೊಂದು ಆಯ್ಕೆ ಅಲ್ವಾ ಅಂತ ಮೇಷ್ಟ್ರು ಕೇಳಿದರು. ಹೌದು ಸಾರ್, ಅದು ಆಯ್ಕೆಯೇ. ಮಾರ್ಕೆಟ್ಟಿನಲ್ಲಿ ಬೆಲ್ಲದ ರೇಟು ಬೀಳುವ ತನಕ.

ರಸ್ತೆಯದೂ ಇದೇ ಪಾಡು. ಬೆಂಗಳೂರು-ಮೈಸೂರು ದಶಪಥ, 118 ಕಿಲೋಮೀಟರ್. 2023ರ ಮಾರ್ಚ್ 12ಕ್ಕೆ ಪ್ರಧಾನಿಗಳು ಮಂಡ್ಯ ಜಿಲ್ಲೆಗೇ ಬಂದು ಉದ್ಘಾಟಿಸಿದರು. ಬೈಪಾಸ್ ಹಿಡಿದವರು ಮದ್ದೂರನ್ನು ನೋಡದೆ ಮೈಸೂರು ಸೇರಿದರು, ವಡೆ ಎಣ್ಣೆಯಲ್ಲೇ ಉಳಿಯಿತು. ಆಗಸ್ಟ್ 1ರಿಂದ ಆ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ಓಡಿಸುವಂತಿಲ್ಲ ಅಂತಾಯಿತು. ಅಂದರೆ ರಸ್ತೆ ಹೋದದ್ದು ನಾಯಕನ ಊರಿನ ಗದ್ದೆ ಮೇಲೆ, ರಸ್ತೆ ಮೇಲೆ ಹೋಗಬಾರದ್ದು ನಾಯಕನ ಟ್ರ್ಯಾಕ್ಟರು.

ಪ್ರೇಮಕಥೆಯಾದರೂ ಇರಲಿ ಅಂದರೆ, ಹುಡುಗಿಯರು ವ್ಯವಸಾಯಗಾರ ಬೇಡ ಅಂತ ಆರಿಸಿಬಿಟ್ಟಿದ್ದಾರೆ. ಅವರ ಮಟ್ಟಿಗೆ ಅದು ಸರಿಯಾದ ಆಯ್ಕೆಯೇ, ನಾನಂತೂ ತಪ್ಪು ಹೇಳಲಾರೆ. ಮದುವೆಯಾಗದ ಹುಡುಗರು 2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನಿಂದ ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋದರು. ಗುರಿ ಇದೆ, ಪ್ರಯಾಣ ಇದೆ, ಕಾಲಲ್ಲಿ ಬೊಬ್ಬೆಯೂ ಇದೆ. ಇದಾದರೂ ಪಾಸಾಗುತ್ತದೇನೋ ಅಂದುಕೊಂಡೆ. ದೇವರ ಮೇಲೆ ಭಾರ ಹಾಕಿದರೆ ಅದು ಆಯ್ಕೆಯಲ್ಲ ಅಂತ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದರು.

ಅವರಿಗೆ ನಾನು ಹರಿಶ್ಚಂದ್ರನನ್ನು ನೆನಪಿಸಿದೆ. ರಾಜ್ಯ ಹೋಯಿತು, ಹೆಂಡತಿ ಮಗ ಮಾರಾಟವಾದರು, ಸುಡುಗಾಡು ಕಾಯಬೇಕಾಯಿತು. ಒಂದೂ ಅವನ ಆಯ್ಕೆಯಲ್ಲ, ಪ್ಲ್ಯಾನೆಲ್ಲ ವಿಶ್ವಾಮಿತ್ರನದು. ಆದರೂ ಕಥೆ ಇವತ್ತಿಗೂ ನಿಂತಿದೆ. ಯಾಕೆಂದರೆ ಒಂದು ಬಾಗಿಲು ಕೊನೆತನಕ ತೆರೆದೇ ಇತ್ತು. ಒಂದೇ ಒಂದು ಸುಳ್ಳು ಹೇಳಿದ್ದರೆ ಅವತ್ತೇ ಬಿಡುಗಡೆ. ಅವನು ಆ ಬಾಗಿಲಲ್ಲಿ ಹೋಗಲಿಲ್ಲ. ಹುಲಿ ಬಾಯಿಗೆ ಸಿಕ್ಕ ಹಸುವೂ ಅಷ್ಟೇ. ಕೊಟ್ಟಿಗೆ ಸೇರಿದ ಮೇಲೆ ಅಲ್ಲೇ ಉಳಿದುಬಿಡಬಹುದಿತ್ತು, ಹುಲಿ ಏನು ಮಾಡೋದು? ಏಟು ಎಷ್ಟು ಬಿತ್ತು ಅಂತ ಎಣಿಸಿ ನಾಯಕ ಅಲ್ಲ ಅನ್ನಬೇಡಿ ಸಾರ್, ಕೈಯಲ್ಲಿ ಉಳಿದಿದ್ದು ಏನು, ಅದನ್ನೇನು ಮಾಡಿದ ನೋಡಿ ಅಂದೆ. ಹಾಗಾದರೆ ಮಂಡ್ಯದಲ್ಲಿ ಅಂಥದ್ದೊಂದು ದೃಶ್ಯ ಬರೆದುಕೊಂಡು ಬನ್ನಿ ಅಂದರು.

ಬರೆದೆ. ರಾತ್ರಿ ಎರಡು ಗಂಟೆ. ಕಟ್ಟಿನ ನೀರು ನಿಲ್ಲಲು ಇನ್ನು ಒಂದೇ ದಿನ ಬಾಕಿ. ನೀರುಗಂಟಿ ಮನೆಗೆ ಹೋಗಿ ಮಲಗಿದ್ದಾನೆ. ಕಾಲುವೆಯ ಮೇಲುಗಡೆ ನಮ್ಮ ನಾಯಕನ ಗದ್ದೆ, ಕೆಳಗಡೆ ಇನ್ನೊಬ್ಬನದು. ಬಂದ್ ದಿನ ಒಂದು ಹನಿಯೂ ಬಿಡಲ್ಲ ಅಂತ ಇಬ್ಬರೂ ಪಕ್ಕಪಕ್ಕ ನಿಂತು ಕೂಗಿದವರು. ಈಗ ಮೇಲಿನ ಗದ್ದೆ ಬದುವಿನ ತನಕ ತುಂಬಿದೆ. ಕೆಳಗಿನದು ಬಿರುಕು ಬಿಟ್ಟಿದೆ. ಎರಡರ ನಡುವೆ ಇರುವುದು ನಾಯಕ ಸಂಜೆ ಹಾಕಿದ ಒಂದು ಗುಡ್ಡೆ ಮಣ್ಣು. ಸಮಿತಿ ಇಲ್ಲ, ಪ್ರಾಧಿಕಾರ ಇಲ್ಲ, ಬಿಳಿಗುಂಡ್ಲು ಇಲ್ಲ.

ಕೆಳಗಿನವನು ಟಾರ್ಚು ಹಿಡಿದುಕೊಂಡು ಬಂದ. "ಅಣ್ಣ, ನಿನ್ ಗದ್ದೆ ತುಂಬೈತೆ. ಒಂದರ್ಧ ಗಂಟೆ ಇತ್ತಗೆ ಬುಡು. ಪೈರು ಒಣಗೋಯ್ತವೆ."

ನಮ್ಮ ನಾಯಕ ಒಮ್ಮೆ ಆಕಾಶ ನೋಡಿದ, ಒಮ್ಮೆ ಕನ್ನಂಬಾಡಿ ದಿಕ್ಕಿಗೆ ನೋಡಿದ. "ಮ್ಯಾಲಿಂದ್ಲೇ ಸರ್ಯಾಗಿ ಬತ್ತಾ ಇಲ್ಲ ಕಣಪ್ಪ. ಬೆಳಗ್ಗೆ ನೀರುಗಂಟಿನ ಕೇಳು. ಇಲ್ದಿದ್ರೆ ಇಂಜಿನಿಯರ್ನ ಕೇಳು. ನನ್ ಕೈಲೇನೈತೆ?"

ಕೆಳಗಿನವನು ಟಾರ್ಚಿನ ಬೆಳಕನ್ನು ಅವನ ಕೈ ಮೇಲೇ ಬಿಟ್ಟ.

"ಸನಿಕೆ ಐತೆ ಕಣಣ್ಣ."