ಲಾ ರೆಸ್ತಿಂಗಾದ ಕಡಲು ಹುಳಿಯಾದ ದಿನಗಳು

ಸಮುದ್ರದ ನೀರು ಆಮ್ಲೀಯವಾಗುತ್ತಿರುವ ಮಾತು ಎತ್ತಿದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ‘ಕಡಲಡಿಯ ಜ್ವಾಲಾಮುಖಿಗಳೇ ಅಷ್ಟೊಂದು ಅನಿಲ ಉಗುಳುತ್ತಿರುವಾಗ ಮನುಷ್ಯ ಮಾಡಿದ್ದು ಯಾವ ಲೆಕ್ಕ?’ ಪ್ರಶ್ನೆ ಸಹಜವಾದದ್ದೇ. ಆದರೆ ಇದಕ್ಕೆ ಊಹೆಯಿಂದ ಉತ್ತರಿಸಬೇಕಾಗಿಲ್ಲ. ಅಂಥ ಒಂದು ಸ್ಫೋಟದ ಪರಿಣಾಮವನ್ನು ಹತ್ತಿರದಿಂದ ಅಳೆದ ದಾಖಲೆ ನಮ್ಮ ಮುಂದಿದೆ.

ಆಫ್ರಿಕಾದ ವಾಯವ್ಯ ಕರಾವಳಿಯಾಚೆ ಸ್ಪೇನ್‌ಗೆ ಸೇರಿದ ಕ್ಯಾನರಿ ದ್ವೀಪಗಳಿವೆ. ಅವುಗಳಲ್ಲಿ ಎಲ್ ಹಿಯೆರೊ ಎಂಬುದರ ದಕ್ಷಿಣ ತುದಿಯಲ್ಲಿರುವ ಮೀನುಗಾರರ ಊರೇ ಲಾ ರೆಸ್ತಿಂಗಾ. 2011ರ ಜುಲೈಯಿಂದ ಸಾವಿರಾರು ಸಣ್ಣ ಕಂಪನಗಳಿಂದ ನಡುಗುತ್ತಿದ್ದ ನೆಲ, ಅಕ್ಟೋಬರ್‌ನಲ್ಲಿ ಊರಿಂದ ಸುಮಾರು 2 ಕಿಲೋಮೀಟರ್ ದೂರದ ಸಾಗರತಳದಲ್ಲಿ ಬಿರಿಯಿತು. ನೀಲಿ ನೀರಿನ ಮೇಲೆ ಹಸಿರು, ಕಂದು ಬಣ್ಣದ ದೊಡ್ಡ ಕಲೆ ಹರಡಿತು. ಹೊರಗೆ ಕಪ್ಪು, ಒಡೆದರೆ ಒಳಗೆ ತೆಂಗಿನಕಾಯಿಯ ಹಾಗೆ ಬೆಳ್ಳಗಿನ ತಿರುಳಿದ್ದ ಹಗುರ ಕಲ್ಲುಗಳು ಹೊಗೆಯಾಡುತ್ತ ತೇಲಿ ಬಂದವು. ಊರವರನ್ನು ತೆರವುಗೊಳಿಸಬೇಕಾಯಿತು.

ಕಣ್ಣಿಗೆ ಕಾಣದ ಬದಲಾವಣೆ ಇನ್ನೂ ತೀವ್ರವಾಗಿತ್ತು. ಶಿಲಾರಸದಿಂದ ಬಿಡುಗಡೆಯಾದ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಯಿತು, ಗಂಧಕದ ಅನಿಲಗಳೂ ಅದಕ್ಕೆ ಜೊತೆಯಾದವು. ಹೀಗಾಗಿ ಸಾಮಾನ್ಯವಾಗಿ 8.1ರ ಆಸುಪಾಸಿನಲ್ಲಿರುವ ಸಮುದ್ರದ ಪಿಎಚ್ ಮೌಲ್ಯ ಸ್ಫೋಟದ ಸಮೀಪದಲ್ಲಿ ಗರಿಷ್ಠ 2.8ರಷ್ಟು ಇಳಿಯಿತು. ಪಿಎಚ್ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ಆ ಲೆಕ್ಕದಲ್ಲಿ 2.8 ಎಂದರೆ ಆರುನೂರು ಪಟ್ಟಿಗೂ ಹೆಚ್ಚು. ಇದರ ಜೊತೆಗೆ, ಒಳಗಿನಿಂದ ಬಂದ ಗಂಧಕದ ಸಂಯುಕ್ತಗಳೂ ಕಬ್ಬಿಣವೂ ನೀರಿನ ಆಮ್ಲಜನಕದೊಡನೆ ವರ್ತಿಸಿ ಅದನ್ನು ಬರಿದು ಮಾಡಿದವು. ಉಸಿರಿಗೆ ಆಮ್ಲಜನಕವಿಲ್ಲದೆ ಮೀನುಗಳು ಸತ್ತು ತೇಲಿದವು. ಸ್ಪ್ಯಾನಿಷ್ ಭಾಷೆಯಲ್ಲಿ ‘ಹಿಯೆರೊ’ ಎಂದರೆ ಕಬ್ಬಿಣ. ಆ ಹೆಸರಿನ ದ್ವೀಪದ ನೀರಿಗೆ ಕಬ್ಬಿಣವೇ ಉಕ್ಕಿ ಬಂದದ್ದು ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ.

2012ರ ಮಾರ್ಚ್‌ನಲ್ಲಿ ಸ್ಫೋಟ ಮುಗಿದಿದೆ ಎಂದು ಘೋಷಿಸಲಾಯಿತು. ಸುತ್ತಲಿನ ಅಪಾರ ಜಲರಾಶಿ ಬಂದು ಬೆರೆತದ್ದರಿಂದಲೂ ಸಮುದ್ರದಲ್ಲಿ ಕರಗಿರುವ ಕಾರ್ಬೊನೇಟ್ ಲವಣಗಳು ಆಮ್ಲವನ್ನು ತಣಿಸಿದ್ದರಿಂದಲೂ ನೀರು ಹೆಚ್ಚಿನ ಮಟ್ಟಿಗೆ ಮೊದಲಿನ ಸ್ಥಿತಿಗೆ ಮರಳಿತು. ಕಡಲಿನಲ್ಲಿ ಬಲು ವಿರಳವಾದ, ಆದರೆ ಸೂಕ್ಷ್ಮ ಸಸ್ಯಗಳ ಬೆಳವಣಿಗೆಗೆ ಬೇಕೇಬೇಕಾದ ಕಬ್ಬಿಣವನ್ನೂ ಸ್ಫೋಟವೇ ಒದಗಿಸಿತ್ತು. ಮುಂದೆ ತಾಗೊರೊ ಎಂಬ ಹೆಸರು ಪಡೆದ ಆ ಜ್ವಾಲಾಮುಖಿಯ ತುದಿಯಲ್ಲಿ, 2014ರಲ್ಲಿ ಸುಮಾರು 130 ಮೀಟರ್ ಆಳದಲ್ಲಿ, ಬಿಳಿ ಕೂದಲೆಳೆಗಳಂತಹ ಬ್ಯಾಕ್ಟೀರಿಯಾಗಳ ಹಾಸು ಹೊಸ ಲಾವಾವನ್ನು ಮುಚ್ಚಿಕೊಂಡಿರುವುದು ಕಂಡುಬಂತು.

ಈಗ ಆ ಪ್ರಶ್ನೆಗೆ ಬರುತ್ತೇನೆ. ನೆಲದ ಮೇಲಿನವೂ ಕಡಲಡಿಯವೂ ಸೇರಿ ಎಲ್ಲ ಜ್ವಾಲಾಮುಖಿಗಳು ವರ್ಷಕ್ಕೆ ಹೊರಬಿಡುವ ಇಂಗಾಲದ ಡೈಆಕ್ಸೈಡ್, ಮನುಷ್ಯನು ಕಲ್ಲಿದ್ದಲು, ತೈಲ, ಅನಿಲ ಉರಿಸಿ ಬಿಡುವುದರ ಶೇಕಡಾ ಒಂದರಷ್ಟೋ ಅದಕ್ಕಿಂತ ಕಡಿಮೆಯೋ ಆಗುತ್ತದೆ. ಕೈಗಾರಿಕಾ ಕ್ರಾಂತಿಯಿಂದೀಚೆಗೆ ಸಾಗರಗಳ ಮೇಲ್ಪದರದ ಸರಾಸರಿ ಪಿಎಚ್ ಇಳಿದಿರುವುದು 0.1ರಷ್ಟು ಮಾತ್ರ ಎಂಬುದು ನಿಜ. 2.8ರ ಎದುರು ಅದು ಏನೂ ಅಲ್ಲವೆನಿಸಬಹುದು. ಆದರೆ ಲಾ ರೆಸ್ತಿಂಗಾದ ಹುಳಿ ನೀರನ್ನು ತಿಳಿಗೊಳಿಸಲು ಪಕ್ಕದಲ್ಲೇ ಇಡೀ ಅಟ್ಲಾಂಟಿಕ್ ಇತ್ತು, ಅನಿಲದ ಉಕ್ಕೂ ಕೆಲವೇ ತಿಂಗಳಲ್ಲಿ ಕುಗ್ಗಿತು. ಎಲ್ಲ ಸಾಗರಗಳ ಮೇಲ್ಪದರ ಒಟ್ಟಿಗೇ ಬದಲಾಗುತ್ತಿರುವಾಗ ಹಾಗೆ ಬಂದು ಬೆರೆಯುವ ನೀರು ಪಕ್ಕದಲ್ಲಿಲ್ಲ; ಆಳದ ನೀರು ಮೇಲಿನದರೊಡನೆ ಪೂರ್ತಿ ಬೆರೆಯಲು ನೂರಾರು ವರ್ಷಗಳು ಬೇಕು. ಆದ್ದರಿಂದ ಕಡಲಡಿಯ ಜ್ವಾಲಾಮುಖಿಯನ್ನು ಮನುಷ್ಯನ ಪರ ಸಾಕ್ಷಿಯಾಗಿ ಕರೆಯುವುದನ್ನು ನಾನು ಒಪ್ಪಲಾರೆ.

ತಾಗೊರೊ ಸ್ಫೋಟ ನಿಂತ ಮೇಲೂ ಕುಳಿಯಿಂದ ಸಣ್ಣಗೆ ಅನಿಲ ಸೋರುತ್ತಲೇ ಇದ್ದು, ಅದರ ಸುತ್ತಲಿನ ನೀರು ಉಳಿದ ಕಡೆಗಿಂತ ತುಸು ಹೆಚ್ಚು ಆಮ್ಲೀಯವಾಗಿಯೇ ಉಳಿಯಿತು. ಸ್ಪೇನ್‌ನ ವಿಜ್ಞಾನಿಗಳು ನೌಕೆಯಲ್ಲಿ ಅಲ್ಲಿಗೆ ಮತ್ತೆ ಮತ್ತೆ ಹೋಗಿ, ಬೇರೆ ಬೇರೆ ಆಳಗಳ ನೀರನ್ನು ಮೇಲೆತ್ತಿ ಅಳೆದಿದ್ದಾರೆ.