ಕೊಡಗಿಲ್ಲದ ಕರ್ನಾಟಕ

ಕರ್ನಾಟಕದಲ್ಲಿ ಎಷ್ಟು ಜಿಲ್ಲೆ ಅಂತ ಯಾರಾದರೂ ಕೇಳಿದರೆ ತಟ್ಟನೆ 31 ಅನ್ನಬೇಡಿ. ಯಾವ ಕಂಪ್ಯೂಟರಿನಲ್ಲಿ ಅಂತ ಕೇಳಿ. ನಮ್ಮ ಅಕ್ಕನ ಮಗಳ ಲ್ಯಾಬಿಗೆ ಬಂದಿರುವ ಹೊಸ ಲಿನಕ್ಸ್ ಮಷೀನ್ (ಲಿನಕ್ಸ್ ಅಂದರೆ ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಪ್ರಕಾರ ಮೂರು ತಿಂಗಳ ಹಿಂದೆ 23. ಹೊಸ ಜಿಲ್ಲೆ ಬೇಕು ಅಂತ ಬಂದ್ ಮಾಡುವವರಿಗೆ ಈ ವಿಷಯ ಇನ್ನೂ ಗೊತ್ತಾಗಿಲ್ಲ.

ಹುಡುಗಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಮಳೆ ಲೆಕ್ಕ. ಅವಳ ಸೀನಿಯರ್ ಒಬ್ಬ ವರ್ಷಗಟ್ಟಲೆ ಕೂತು ಪ್ರೋಗ್ರಾಂ ಬರೆದಿದ್ದ. ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿದ ಮೇಲಿನ ಸಂಶೋಧನೆ ಕೆಲಸ, ಸಿಕ್ಕಿದ್ದೇ ತಡ, ಫೋಲ್ಡರನ್ನು ಇವಳ ಕೈಗಿಟ್ಟು ವಿಮಾನ ಹತ್ತಿದ. ಒಳಗಿದ್ದ ಸೂಚನೆ ಒಂದೇ ಸಾಲು: 'ರನ್ ಮಾಡಿದರೆ ಆಯ್ತು.' ಅವನದು ಆಪಲ್ ಕಂಪನಿಯ ಹಳೇ ಮ್ಯಾಕ್. ಕನ್ನಡಾಭಿಮಾನಿ ಬೇರೆ. ಜಿಲ್ಲೆಗೊಂದು ಫೈಲು, ಹೆಸರೆಲ್ಲ ಕನ್ನಡದಲ್ಲೇ. ಯಾವುದಾದರೂ ಫೈಲು ಸಿಗದಿದ್ದರೆ ಪ್ರೋಗ್ರಾಂ ಗಲಾಟೆ ಮಾಡದೆ ಮುಂದಕ್ಕೆ ಹೋಗಬೇಕು ಅಂತಲೂ ಬರೆದಿದ್ದ. ಮರ್ಯಾದಸ್ಥ.

'ಮಾಮ, ರಾಜ್ಯದಲ್ಲಿ ಮಳೆನೇ ಕಡಿಮೆ ಆಗ್ಬಿಟ್ಟಿದೆ' ಅಂತ ಫೋನು. ನಾನು ಹವಾಮಾನ ಬದಲಾವಣೆ ಇರಬೇಕು ಅಂದೆ. ಅಲ್ಲವಂತೆ. ಕೊಡಗು ಕಾಣೆ. ಶಿವಮೊಗ್ಗ ಕಾಣೆ. ಮೈಸೂರು, ಕೋಲಾರ, ಕೊಪ್ಪಳ, ಹಾವೇರಿ, ಬಾಗಲಕೋಟೆ, ಬೀದರ್ ಕೂಡ ಕಾಣೆ. ಭಾಗಮಂಡಲ, ಆಗುಂಬೆ ಎರಡನ್ನೂ ಬಿಟ್ಟು ಕರ್ನಾಟಕದ ಮಳೆ ಅಳೆದರೆ ಇನ್ನೇನಾಗುತ್ತೆ? 'ಫೈಲು ಕಣ್ಣೆದುರಿಗೇ ಇದೆ ಮಾಮ. ಕೊಡಗು ಅಂತ ಟೈಪ್ ಮಾಡಿದ್ರೆ ಅಂಥ ಫೈಲೇ ಇಲ್ಲ ಅನ್ನತ್ತೆ.'

ಎರಡು ದಿನ ಬೇಕಾಯಿತು ಅವಳಿಗೆ. ವಿಷಯ ಏನಪ್ಪಾ ಅಂದರೆ ಕಾಗುಣಿತ. ನಮಗೆಲ್ಲ ಮೇಷ್ಟ್ರು ಬೆತ್ತ ಹಿಡಿದು ಹೇಳಿಕೊಡುತ್ತಿದ್ದರಲ್ಲ, ಬ ಗುಡಿಸಿನ ದೀರ್ಘ ಬೀ? ಹಳೇ ಮ್ಯಾಕ್ ಆ ಮೇಷ್ಟ್ರ ಶಿಷ್ಯ. 'ಬೀದರ್' ಅಂತ ಹೆಸರಿಟ್ಟರೆ ಡಿಸ್ಕಿನಲ್ಲಿ 'ಬೀ'ಯನ್ನು ಬಿಡಿಸಿ ಬ, ಗುಡಿಸು, ದೀರ್ಘ ಅಂತ ಮೂರು ತುಂಡು ಮಾಡಿ ಬರೆದುಕೊಳ್ಳುತ್ತದೆ. 'ಕೊ' ಅಂದರೆ ಕ, ಎತ್ವ, ಕೊಂಬಿನ ಇಳಿ. 'ಕೋ'ಗೆ ಅದರ ಮೇಲೆ ಇನ್ನೊಂದು ದೀರ್ಘ. ನಮ್ಮ ಕೀಬೋರ್ಡು ಹಾಗಲ್ಲ, ಸ್ವರದ ಗುರುತನ್ನು ಇಡಿಯಾಗಿ ಒಂದೇ ಸಲ ಒತ್ತುತ್ತದೆ. ಪರದೆಯ ಮೇಲೆ ಎರಡೂ ತದ್ರೂಪು. ಎರಡೂ ಒಂದೇ ಅಂತ, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ನಿಯಮವೇ ಹೇಳುತ್ತದೆ. ಲಿನಕ್ಸ್ ಮಾತ್ರ ಒಪ್ಪುವುದಿಲ್ಲ. ಅದಕ್ಕೆ ಓದಲು ಬರುವುದಿಲ್ಲ, ಬೈಟು ಎಣಿಸಲು ಬರುತ್ತದೆ ಅಷ್ಟೆ. ಹಾಸನ, ಮಂಡ್ಯ, ತುಮಕೂರಿನಲ್ಲಿ ಬಿಡಿಸುವಂಥದ್ದೇನೂ ಇಲ್ಲ, ಪಾರಾದವು. ಹಿಂದೆ ಭಾಷೆ ನೋಡಿ ರಾಜ್ಯ ಕಟ್ಟಿದರು. ಈಗ ಸ್ವರ ನೋಡಿ ಜಿಲ್ಲೆ ಕಳೆಯುತ್ತಿದ್ದಾರೆ.

ಇದನ್ನೆಲ್ಲ ಗೈಡ್ ಹತ್ತಿರ ಹೇಳಿದರೆ ಅವರು ಕೇಳಿದ್ದು ಒಂದೇ ಪ್ರಶ್ನೆ: 'ಅವನ ಮಷೀನ್‌ನಲ್ಲಿ ಸರಿಯಾಗೇ ಓಡ್ತಿತ್ತಲ್ಲಮ್ಮಾ?' ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಧಾಟಿ.

ನೆಲ ಡೊಂಕೇ ಸ್ವಾಮಿ. ಆ ಗಾದೆ ಮಾಡಿದವರು ಎರಡು ಆಪರೇಟಿಂಗ್ ಸಿಸ್ಟಂ ನೋಡಿರಲಿಲ್ಲ. 2019ರಲ್ಲಿ ಅಮೆರಿಕದ ಹವಾಯಿಯಲ್ಲಿ ಆದದ್ದು ಕೇಳಿ. ನೀಲಿ-ಹಸಿರು ಪಾಚಿಯಿಂದ ತೆಗೆದ ವಸ್ತುವಿನ ಲೆಕ್ಕವನ್ನು ಅಲ್ಲಿನ ವಿಶ್ವವಿದ್ಯಾಲಯದ ಹುಡುಗನೊಬ್ಬ ತಾಳೆ ನೋಡುತ್ತಿದ್ದ. 2014ರಲ್ಲಿ ಪ್ರಕಟವಾದ, ಲೋಕವೆಲ್ಲ ನಂಬಿ ಬಳಸುತ್ತಿದ್ದ, ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ. ವಿಂಡೋಸ್ 10ರಲ್ಲಿ 173.2 ಬಂತು. ಉಬುಂಟು ಅನ್ನುವ ಲಿನಕ್ಸಿನಲ್ಲಿ 172.4. ಮ್ಯಾಕ್‌ನ ಒಂದು ಆವೃತ್ತಿ ವಿಂಡೋಸ್ ಕಡೆ ವಾಲಿತು, ಇನ್ನೊಂದು ಯಾರ ಕಡೆಗೂ ಇಲ್ಲ, 172.7. ಫೋಲ್ಡರಿನ ಫೈಲುಗಳನ್ನು ಸಾಲಾಗಿ ಕೊಡು ಅಂತ ಪ್ರೋಗ್ರಾಂ ಕೇಳುತ್ತಿತ್ತು. ಒಂದೊಂದು ಸಿಸ್ಟಂ ಒಂದೊಂದು ಕ್ರಮದಲ್ಲಿ ಕೊಡುತ್ತಿತ್ತು, ಕ್ರಮ ಬದಲಾದರೆ ಲೆಕ್ಕವೂ ಬದಲು. ಕ್ರಮಕ್ಕೆ ಗ್ಯಾರಂಟಿ ಇಲ್ಲ ಅಂತ ಪೈಥಾನ್ ಕೈಪಿಡಿಯಲ್ಲೇ ಬರೆದಿತ್ತು. ಕೈಪಿಡಿ ಓದುವವರು ಯಾರು? ಆ ವಿಧಾನವನ್ನು ಉಲ್ಲೇಖಿಸಿದ ಪ್ರಬಂಧಗಳು ಅಷ್ಟರಲ್ಲಿ 150 ದಾಟಿದ್ದವು.

ಅದಕ್ಕೂ ಮೊದಲು, 2012ರಲ್ಲಿ, ಮಿದುಳಿನ ಸರದಿ. ಫ್ರೀಸರ್ಫರ್ ಅಂತ ಒಂದು ತಂತ್ರಾಂಶ, ಸ್ಕ್ಯಾನ್ ನೋಡಿ ಮಿದುಳಿನ ಭಾಗಗಳ ಗಾತ್ರ, ಹೊರಪದರದ ದಪ್ಪ ಅಳೆಯುತ್ತದೆ. ಅದೇ ತಲೆ, ಅದೇ ಸ್ಕ್ಯಾನ್. ಮ್ಯಾಕ್ 10.5ರಲ್ಲಿ ಒಂದು ಅಳತೆ, 10.6ರಲ್ಲಿ ಬೇರೆ. ಸಿಸ್ಟಂ ಅಪ್‌ಡೇಟ್ ಮಾಡಿದರೆ ಮಿದುಳೂ ಬದಲಾಗುತ್ತದೆ ಅನ್ನುವುದಾದರೆ, ಕೆಲವರಿಗೆ ನಾನೇ ದುಡ್ಡು ಕೊಟ್ಟು ಅಪ್‌ಡೇಟ್ ಮಾಡಿಸಿಯೇನು.

ಇರಲಿ. ಕೊಡಗು ವಾಪಸ್ ಬಂತು. ಹುಡುಗಿ ಖುಷಿಯಲ್ಲಿ ಪ್ರೋಗ್ರಾಂನ ಒಂದು ಸಾಲನ್ನು ಮನೆಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ತಿದ್ದಿ ಲ್ಯಾಬಿಗೆ ಕಳಿಸಿದಳು. ಈಗ ಪ್ರೋಗ್ರಾಮೇ ಓಡುವುದಿಲ್ಲ. 'ಅಂಥ ಫೈಲಾಗಲಿ ಫೋಲ್ಡರಾಗಲಿ ಇಲ್ಲ.' ಇದೆ. ಎದುರಿಗೇ ಇದೆ. ಇದಕ್ಕೆ ಕಾರಣ ಹುಡುಕುತ್ತಾ ಹೋದರೆ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ನಮ್ಮೂರಲ್ಲಿ ಬಸ್ ಸ್ಟ್ಯಾಂಡ್ ಎದುರಿನ ಮಹಡಿ ಮೇಲೆ ಒಂದಿತ್ತು. ಜೂನಿಯರ್ ಪಾಸಾದರೆ ಗುಮಾಸ್ತೆ ಕೆಲಸ ಗ್ಯಾರಂಟಿ ಅಂತ ಅಪ್ಪ ನನ್ನನ್ನೂ ಸೇರಿಸಿದ್ದರು. ಸಾಲಿನ ಕೊನೆಗೆ ಬಂದರೆ 'ಟಿಣ್' ಅನ್ನುತ್ತಿತ್ತು. ಎಡಗೈಯಲ್ಲಿ ಹಿಡಿ ತಳ್ಳಿದರೆ ಹಾಳೆ ಒಂದು ಸಾಲು ಮೇಲೆ ಸರಿದು, ಗಾಡಿ ಸರ್ರನೆ ಮೊದಲಿನ ಜಾಗಕ್ಕೆ ಬರುತ್ತಿತ್ತು. ನನ್ನ ಗಾಡಿ ಮಾತ್ರ ಅರ್ಧಕ್ಕೆ ಸಿಕ್ಕಿಕೊಂಡು, ಮಾಲೀಕರು ಬಂದು ನನಗೂ ಅದಕ್ಕೂ ಒಂದೊಂದು ಏಟು ಕೊಡಬೇಕಿತ್ತು. ಆ ಕಾಲದ ಟೆಲಿಪ್ರಿಂಟರಿಗೆ ಇವು ಎರಡು ಬೇರೆ ಅಪ್ಪಣೆ: ಗಾಡಿ ಹಿಂದಕ್ಕೆ ತಾ, ಹಾಳೆ ಸರಿಸು. ಗಾಡಿ ಹೋಯಿತು, ಹಾಳೆ ಹೋಯಿತು, ಟಿಣ್ಣೂ ಹೋಯಿತು. ವಿಂಡೋಸ್ ಮಾತ್ರ ಇವತ್ತಿಗೂ ಪ್ರತಿ ಸಾಲಿನ ಕೊನೆಗೆ ಎರಡೂ ಅಪ್ಪಣೆ ಬರೆಯುತ್ತದೆ. ಲಿನಕ್ಸ್ ಹಾಳೆ ಸರಿಸುವುದನ್ನಷ್ಟೇ ಇಟ್ಟುಕೊಂಡಿದೆ. ಮ್ಯಾಕ್ ಮೊದಮೊದಲು ಗಾಡಿ ಅಪ್ಪಣೆಯನ್ನಷ್ಟೇ ಇಟ್ಟುಕೊಂಡಿತ್ತು, ಆಮೇಲೆ ಪಕ್ಷ ಬದಲಿಸಿತು.

ತಿಥಿ ದಿನ ಬೆಕ್ಕು ಕಾಟ ಕೊಡುತ್ತೆ ಅಂತ ಅಜ್ಜ ಬುಟ್ಟಿ ಕೆಳಗೆ ಮುಚ್ಚಿಟ್ಟನಂತೆ. ಮೊಮ್ಮಗ ತಿಥಿ ಮಾಡಬೇಕಾದರೆ ಮನೆಯಲ್ಲಿ ಬೆಕ್ಕಿಲ್ಲ ಅಂತ ಪಕ್ಕದ ಮನೆಯಿಂದ ತಂದು ಮುಚ್ಚಿದನಂತೆ. ವಿಂಡೋಸಿನ ಪ್ರತಿ ಸಾಲಿನ ಕೊನೆಯಲ್ಲೂ ಒಂದು ಬೆಕ್ಕಿದೆ. ಪ್ರೋಗ್ರಾಮನ್ನು ಓಡಿಸುವುದು ಯಾರು ಅಂತ ಅದರ ಮೊದಲ ಸಾಲಿನಲ್ಲಿ ಬರೆದಿರುತ್ತದೆ. ಲಿನಕ್ಸ್ ಆ ಸಾಲು ಓದಿ, 'ಪೈಥಾನ್' ಎಲ್ಲಿದೆ ಅಂತ ಹುಡುಕುವ ಬದಲು 'ಪೈಥಾನ್-ಬೆಕ್ಕು' ಎಲ್ಲಿದೆ ಅಂತ ಹುಡುಕಿತು. ಇಲ್ಲ ಅಂತು. ಪಾಪ, ನಿಜ ತಾನೇ?

ವಿಂಡೋಸಿನ ಮಡಿ ಅಷ್ಟಕ್ಕೇ ನಿಲ್ಲುವುದಿಲ್ಲ. ಹಿಂದೆ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲವಲ್ಲ, ಹಾಗೇ ಇದು ಫೈಲಿಗೆ 'ಕಾನ್', 'ಆಕ್ಸ್', 'ನಲ್' ಅಂತ ಹೆಸರಿಡಲು ಬಿಡುವುದಿಲ್ಲ. ವಿಂಡೋಸಿಗೂ ಮುಂಚಿನ ಡಾಸ್ ಸಿಸ್ಟಂ ಕಾಲದ ಹಿರಿಯರ ಹೆಸರುಗಳು. ಲಿನಕ್ಸಿನಲ್ಲಿ ಅರಿಯದೆ ಇಟ್ಟು ಕಳಿಸಿದಿರೋ, ಈ ಕಡೆ ಮೈಲಿಗೆ.

ಇದಕ್ಕೆಲ್ಲ ಡಾಕರ್ ಬಳಸಿ ಅನ್ನುತ್ತಾರೆ ತಿಳಿದವರು. 2013ರಿಂದ ಇದೆ. ಒಳ್ಳೇದೇ. ಒಂದು ಡಬ್ಬಿ ಸಾರು ಕಳಿಸಿ ಅಂದರೆ ಒಲೆ, ಪಾತ್ರೆ, ಅಡುಗೆ ಭಟ್ಟರ ಸಮೇತ ಅಡುಗೆಮನೆಯನ್ನೇ ಲಾರಿಗೆ ಹಾಕಿ ಕಳಿಸುವ ಏರ್ಪಾಡು. 2020ರಲ್ಲಿ ಮ್ಯಾಕ್ ಚಿಪ್ ಬದಲಾಯಿಸಿದ ಮೇಲೆ ಭಟ್ಟರಿಗೆ ಅಲ್ಲಿ ಭಾಷೆ ಬಾರದೆ ದುಭಾಷಿ ಇಡಬೇಕಾಯಿತು ಅನ್ನುವುದು ಬೇರೆ ಮಾತು.

ನನಗೆ ನಿಜಕ್ಕೂ ಸಿಟ್ಟು ಬರುವುದು ಮಷೀನುಗಳ ಮೇಲಲ್ಲ. ಜಗತ್ತಿನ ಮೊದಲ 500 ಸೂಪರ್ ಕಂಪ್ಯೂಟರುಗಳು 2017ರ ನವೆಂಬರಿನಿಂದ ಒಂದೂ ಬಿಡದೆ ಲಿನಕ್ಸ್. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ಪರಮ್ ಪ್ರವೇಗವೂ ಅದೇ. ಲ್ಯಾಪ್‌ಟಾಪಿನಲ್ಲಿ ಹುಟ್ಟಿದ ಕೂಸು ಒಂದಲ್ಲ ಒಂದು ದಿನ ಆ ಮನೆಗೆ ಹೋಗಿ ಬಾಳಬೇಕು ಅಂತ ಎಲ್ಲ ಗೈಡುಗಳಿಗೂ ಗೊತ್ತು. ಆದರೂ ಪ್ರಬಂಧ ತೆಗೆದು ನೋಡಿ. ರಾಸಾಯನಿಕದ ಬಾಟಲಿ ಯಾವ ಕಂಪನಿಯದು, ಶುದ್ಧತೆ ಎಷ್ಟು, ಎಲ್ಲ ಇರುತ್ತದೆ. ಲೆಕ್ಕ ಮಾಡಿದ್ದು ಯಾವ ಸಿಸ್ಟಂ ಮೇಲೆ ಅಂತ ಒಂದು ಸಾಲು ಇರುವುದಿಲ್ಲ. 'ಪ್ರೋಗ್ರಾಂ ಬೇಕಾದವರು ಕೇಳಿ' ಅಂತ ಇರುತ್ತದೆ. ಕೇಳಿದರೆ ಉತ್ತರ ಇರುವುದಿಲ್ಲ. ಈ ಹುಡುಗಿಯ ಮೂರು ತಿಂಗಳು ಹೀಗೇ ಹೋಯಿತು. ಆ ಮೂರು ತಿಂಗಳು ಅವಳ ಥೀಸಿಸ್‌ನಲ್ಲಿ ಎಲ್ಲೂ ಕಾಣುವುದಿಲ್ಲ. ಪ್ರಗತಿ ವರದಿಯಲ್ಲಿ 'ಪ್ರಗತಿ ಸಾಲದು' ಅಂತ ಬರೆದರು. ಬರೆದವರ ಪೇಪರಿಗೂ ಅದೇ ಪ್ರೋಗ್ರಾಂ ಆಧಾರ.

ನಿನ್ನೆ ರಾತ್ರಿ ಮತ್ತೆ ಫೋನು. ದನಿಯಲ್ಲಿ ಜೀವ ಬಂದಿತ್ತು.

'ಮಾಮ, ಮ್ಯಾಕ್, ಲಿನಕ್ಸ್, ವಿಂಡೋಸ್ ಮೂರರಲ್ಲೂ ಒಂದೇ ಉತ್ತರ ಬಂತು!'

'ಭೇಷ್! ಸರಿಯಾಗಿದೆ ಅನ್ನು.'

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. 'ಅದನ್ನ ಇನ್ನೂ ನೋಡಿಲ್ಲ' ಅಂದಳು.