ತಾತನ ಬಲಗಡೆ ಮೀಸೆ

ನಾಳೆ ಸಬ್ಮಿಷನ್. ಇವತ್ತು ಬೆಳಿಗ್ಗೆ ಮಾಡೆಲ್ ತಾತ ಮೀಸೆ, ಗಡ್ಡ ಎರಡನ್ನೂ ಬೋಳಿಸಿಕೊಂಡು ಬಂದರು.

ಬಿವಿಎ, ಅಂದರೆ ಚಿತ್ರಕಲೆಯ ಡಿಗ್ರಿ, ಓದುವವರಿಗೆ ಇಷ್ಟು ಹೇಳಿದರೆ ಸಾಕು, ಎದೆ ಧಸಕ್ ಅನ್ನುತ್ತದೆ. ಉಳಿದವರಿಗೆ ಬಿಡಿಸಿ ಹೇಳಬೇಕು. (ಮದುವೆ ಮನೆಗಳಲ್ಲಂತೂ ಎಲ್ಲರೂ ಬಿಬಿಎ ಅಂದುಕೊಂಡು, ಮುಂದೆ ಎಂಬಿಎನಾ ಅಂತ ಕೇಳುತ್ತಾರೆ. ಹೂಂ ಅಂದುಬಿಡುತ್ತೇನೆ.) ಪೋರ್ಟ್ರೇಟ್ ಕ್ಲಾಸಿಗೆ ದಿನಕ್ಕಿಷ್ಟು ಅಂತ ಕೊಟ್ಟು ಯಾರನ್ನಾದರೂ ಕರೆಸಿ ಕೂರಿಸುತ್ತಾರೆ. ನಾವು ಸುತ್ತ ಈಸೆಲ್ (ಬೋರ್ಡ್ ನಿಲ್ಲಿಸುವ ಸ್ಟ್ಯಾಂಡ್) ಇಟ್ಟುಕೊಂಡು, ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಪೆನ್ಸಿಲ್‌ನಲ್ಲಿ ಅವರ ಮೂಗಿನ ಅಳತೆ ತೆಗೆಯುತ್ತೇವೆ. ಅದೇ ಮೂಗು, ವಾರಗಟ್ಟಲೆ.

ಇದಕ್ಕಾಗಿ 22×30 ಇಂಚಿನ ಹಾಳೆ ಹಿಡಿಯುವ ಬೋರ್ಡನ್ನು ಸಿಟಿ ಬಸ್ಸಿನಲ್ಲಿ ಹೊತ್ತು ತರಬೇಕು. ಕಂಡಕ್ಟರ್ ಬೈದದ್ದು, ಪಕ್ಕದವರ ಮೊಣಕೈಗೆ ತಾಗಿದ್ದು ಎಲ್ಲ ಬಿಡಿ, ಅಭ್ಯಾಸ ಆಗಿದೆ.

ತಾತ ಮಾತ್ರ ಅಭ್ಯಾಸ ಆಗುವುದಿಲ್ಲ. ಟೀಗೆ ಎದ್ದು ಹೋದವರು ವಾಪಸ್ ಬಂದಾಗ ಪಂಚೆಯ ನೆರಿಗೆ ಬೇರೆ ಇರುತ್ತದೆ, ಟವೆಲ್ ಬಲ ಭುಜದಿಂದ ಎಡಕ್ಕೆ ಬಂದಿರುತ್ತದೆ. ಅವರ ಪಾದದ ಸುತ್ತ ಚಾಕ್‌ಪೀಸಿನಲ್ಲಿ ಗೆರೆ ಎಳೆದಿದ್ದೇವೆ. ಪಾದ ಅಲ್ಲೇ ಇಡುತ್ತಾರೆ, ಪಾಪ. ಮಿಕ್ಕ ಶರೀರ ಎಲ್ಲೆಲ್ಲೋ. ಊಟ ಆದಮೇಲೆ ನಿದ್ದೆ. ಗದ್ದ ಇಳಿದು ಇಳಿದು ಎದೆಗೆ ತಾಗುತ್ತದೆ. ಬೆಳಿಗ್ಗೆ ಗೆರೆ ಹಾಕಿದವರ ತಾತನಿಗೆ ಕತ್ತಿದೆ. ಮಧ್ಯಾಹ್ನ ಹಾಕಿದವರ ತಾತನಿಗೆ ಕತ್ತೇ ಇಲ್ಲ.

ಇಂಥ ಹೊತ್ತಲ್ಲಿ ನಮ್ಮ ಮೇಷ್ಟ್ರಿಗೆ ಮೈಸೂರಿನ ಜಗನ್ಮೋಹನ ಅರಮನೆ ನೆನಪಾಗುತ್ತದೆ. ಅಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ನೆಂಟರೆಲ್ಲ ರವಿವರ್ಮಂದು ಅಂತ ಸಾಧಿಸೋದು? ಅದು ಎಸ್.ಎಲ್. ಹಲ್ದಂಕರ್ ಅವರದು. ಜಲವರ್ಣ. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. “ಹೆಂಗೆ ನಿಂತವಳೆ ನೋಡ್ರಿ, ಅಲ್ಲಾಡದೆ” ಅನ್ನುತ್ತಾರೆ ಮೇಷ್ಟ್ರು. ಸಾರ್, ಬರೆಯುತ್ತಿದ್ದದ್ದು ಸ್ವಂತ ಅಪ್ಪ. ತಾತನಿಗೆ ನಾವು ಏನಾಗಬೇಕು?

ಆ ಮೀಸೆ ಸುಲಭದ್ದಲ್ಲ. ನಾವು ಬರೆಯೋದು ಚಾರ್ಕೋಲಿನಲ್ಲಿ, ಅಂದರೆ ಇದ್ದಿಲಿನಲ್ಲಿ. ಅದರಲ್ಲಿ ಬಿಳಿ ಇಲ್ಲ. ಮೊದಲು ಕಪ್ಪು ಹಚ್ಚಬೇಕು, ಆಮೇಲೆ ಮೆತ್ತಗಿನ ರಬ್ಬರನ್ನು ಚಪಾತಿ ಹಿಟ್ಟಿನ ಹಾಗೆ ನಾದಿ, ತುದಿ ಚೂಪು ಮಾಡಿ, ಕಪ್ಪಿನೊಳಗಿಂದ ಒಂದೊಂದೇ ಬಿಳಿ ಕೂದಲು ಎತ್ತಬೇಕು. ನಂದು ಎಡಗಡೆ ಮೀಸೆ ಮುಗಿದಿತ್ತು. ಬಲಗಡೆ ಬಾಕಿ.

ತಾತ ಬಂದರು. ನುಣ್ಣನೆ ಕೆನ್ನೆ. ತಲೆಗೆ ಡೈ ಬೇರೆ.

“ದೊಡ್ಡೋರು ಯಾರೋ ನೋಡಕ್ಕೆ ಬತ್ತಾರಂತಲ್ಲ. ಮೊಮ್ಮಗಳು ಹಿಂಗೇ ಹೋಗ್ಬ್ಯಾಡ ಅಂದ್ಲು. ನೀಟಾಗಿ ಬಂದಿವ್ನಿ ಕಣವ್ವ.”

ಯಾರೂ ಉಸಿರೆತ್ತಲಿಲ್ಲ. ಒಬ್ಬ ಹತ್ತಿ ಅಂಟಿಸೋಣವಾ ಅಂದ. ಮೇಷ್ಟ್ರು ಕಿಟಕಿ ಕಡೆ ತಿರುಗಿ, “ಕಂಡದ್ದನ್ನ ಬರೀರಿ” ಅಂದರು. ಕಂಡದ್ದು ಯಾವತ್ತಿನದು ಅಂತ ಹೇಳಲಿಲ್ಲ. ಅವರ ಭುಜ ಮಾತ್ರ ಕುಲುಕುತ್ತಿತ್ತು.

ಟೀ ಹೊತ್ತಲ್ಲಿ ತಾತ ಕೈ ಹಿಂದೆ ಕಟ್ಟಿಕೊಂಡು ಒಬ್ಬೊಬ್ಬರ ಈಸೆಲ್ಲೂ ನೋಡುತ್ತಾ ಬಂದರು. ನನ್ನದರ ಮುಂದೆ ಜಾಸ್ತಿ ಹೊತ್ತು ನಿಂತರು. “ಇವ ನಮ್ಮಪ್ಪ ಇದ್ದಂಗವ್ನೆ” ಅಂದರು. “ಅವಂದು ಒಂದು ಪೋಟಾನೂ ಇಲ್ಲ ಕಣವ್ವ. ಆದ್ಮೇಲೆ ಇದ ಕೊಟ್ಬುಟ್ಟೀಯಾ?”

ಬೈಯಬೇಕು ಅಂದುಕೊಂಡಿದ್ದೆಲ್ಲ ಗಂಟಲಲ್ಲೇ ಉಳಿಯಿತು. ಹೂಂ ತಾತ ಅಂದೆ. ಅವರು ಹೋಗಿ ಕೂತು ನಿದ್ದೆ ಮಾಡಿದರು.

ಕೊಡೋಣ. ಆದರೆ ಅರ್ಧ ಮೀಸೆಯ ಅಪ್ಪನನ್ನು ಕೊಡೋದು ಹೇಗೆ? ರೂಮಿಗೆ ಬಂದವಳೇ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ: ತಾತನ ಬಲಗಡೆ ಮೀಸೆ ಕಾಣೋ ಫೋಟೋ ಯಾರ ಹತ್ರ ಇದೆ? ಬಂದಿದ್ದೆಲ್ಲ ಸೆಲ್ಫಿ. ಮುಂದೆ ಇವರ ಹಲ್ಲು, ಹಿಂದೆ ಮಸುಕಾಗಿ ತಾತ. ಕೊನೆಗೆ ಒಂದರಲ್ಲಿ ಮೀಸೆ ಸ್ಪಷ್ಟವಾಗಿ ಸಿಕ್ಕಿತು. ಗೆರೆ ಹಾಕಿ, ಕಪ್ಪು ಹಚ್ಚಿ, ಅರ್ಧ ಕೂದಲು ಎತ್ತಿದ ಮೇಲೆ ಗೊತ್ತಾಯಿತು, ಆ ಪುಣ್ಯಾತ್ಮನ ಫೋನಿನಲ್ಲಿ ಸೆಲ್ಫಿ ಕನ್ನಡಿಯಂತೆ ತಿರುಗಿ ಬೀಳುತ್ತದಂತೆ. ಇದೂ ಎಡಗಡೆದೇ.